ಕಾಲು ಸುತ್ತು

ರಾಯಚೂರು ಸ್ಟೇಷನ್ ರೋಡಿನ ಕುಲ್ಫಿ ಅಂಗಡಿ ಮುಚ್ಚಿದ ದಿನ
ಮಹಬೂಬ್ ಪಾಷಾ ಕೊಟ್ಟ, ನಾಲ್ಕು ಸಾವಿರಕ್ಕೆ, ಈ ಬಿಳಿ ಪೆಟ್ಟಿಗೆ.
ಮುಚ್ಚಳದ ಮೇಲೆ ಅರ್ಧ ಹರಿದ ಸ್ಟಿಕ್ಕರು:
ಕೋನು ಹಿಡಿದ ಒಂದು ಕೈ, ತಿನ್ನುವ ಬಾಯಿಯಿಲ್ಲ.
ಟಂಟಂನಲ್ಲಿ ಹೇರಿ, ಹಗ್ಗ ಬಿಗಿದು
ಶಕ್ತಿನಗರದ ನಮ್ಮ ಕ್ವಾರ್ಟರ್ಸಿಗೆ ತಂದಾಗ
ಈರಮ್ಮ ಬಾಗಿಲಲ್ಲೇ ನಿಂತು ಕೇಳಿದ್ದು ಒಂದೇ:
"ಹೆಣ ಇಡಾಕೇನ್ರಿ ಇದು?"

ಅಲ್ಲ, ಬಿಯರು ಇಡಲಿಕ್ಕೆ.
ಬಿಳಿಜೋಳ ನೆನೆಸಿ, ಗೋಣಿಯಲ್ಲಿ ಕಟ್ಟಿ, ಮೊಳಕೆ ಬರಿಸಿ,
ಮಾಳಿಗೆ ಮೇಲೆ ಒಣಗಿಸಿ, ಬೀಸಿ, ಕುದಿಸಿ,
ಹಾಪ್ಸ್ ಎಲ್ಲಿ ಸಿಗಬೇಕು ಇಲ್ಲಿ, ನಾಲ್ಕು ಬೇವಿನ ಚಿಗುರು ಹಾಕಿ
ಕ್ಯಾನಿನೊಳಗೆ ಹನ್ನೆರಡು ದಿನ ಗುಳುಗುಳು ಅನ್ನಿಸಿದ್ದು.
ಕುಡಿದವರು ಇಬ್ಬರೇ: ನಾನು, ಮತ್ತೆ ಬಿ ಶಿಫ್ಟಿನ ಅಂಬಣ್ಣ.
"ಜ್ವರಕ್ಕ ಚಲೋ" ಅಂದ ಅಂಬಣ್ಣ, ಗ್ಲಾಸು ಕೆಳಗಿಟ್ಟು.
"ತಣ್ಣಗಿದ್ರ ಬಿಯರು ಅಂತನೂ ಅನ್ನಬಹುದು."

ಪೆಟ್ಟಿಗೆಗೆ ಗೊತ್ತಿದ್ದದ್ದು ಒಂದೇ ಕೆಲಸ, ಕಲ್ಲು ಮಾಡುವುದು.
ಗುಂಡಿಯನ್ನು ಒಂದಕ್ಕೆ ಇಳಿಸಿದರೂ ಮೈನಸ್ ಹದಿನಾಲ್ಕು.
ನನಗೆ ಬೇಕಾದದ್ದು ನಾಲ್ಕು. ಮೈನಸ್ ಅಲ್ಲ, ಬರೀ ನಾಲ್ಕು.
ಹಗಲೆಲ್ಲ ಬಾಯ್ಲರಿನ ಐನೂರ ನಲವತ್ತರ ಹಬೆಗೆ
ಅಳತೆ ಸರಿಮಾಡಿ ಕೊಡುವವನು ನಾನು.
ಎರಡು ಡಿಗ್ರಿ ತಪ್ಪಿದರೆ ಇಂಜಿನಿಯರು ಫೋನು ಮಾಡುತ್ತಾನೆ.
ಮನೆಯಲ್ಲಿ ಒಂದು ಕುಲ್ಫಿ ಡಬ್ಬಿ ನನ್ನ ಮಾತು ಕೇಳುವುದಿಲ್ಲ!

ಗುಂಡಿ ಕಿತ್ತೆ. ಹಿಂದೆ ಒಂದು ತಗಡು, ತಗಡಿನ ಹಿಂದೆ
ಥರ್ಮೋಸ್ಟಾಟು, ಬೆಂಕಿಪೊಟ್ಟಣದಷ್ಟು.
ಅದರಿಂದ ಹೊರಟ ತಾಮ್ರದ ನಾಳ, ಊದುಬತ್ತಿಯಷ್ಟು ಸಣ್ಣ,
ಒಳಗೋಡೆಯ ಚಳಿ ಮುಟ್ಟಿ ನೋಡಿ ಬಂದು ಹೇಳುವ ಬೆರಳು.
ಒಂದು ಸ್ಪ್ರಿಂಗು. ಸ್ಪ್ರಿಂಗಿನ ತಲೆಗೆ ಒಂದು ಸ್ಕ್ರೂ,
ಅದರ ಮೇಲೆ ಕಂಪನಿಯವರು ಬಳಿದ ಕೆಂಪು ಅರಗು,
ಮುಟ್ಟಬ್ಯಾಡ ಅಂತ ಇಟ್ಟ ಕುಂಕುಮದ ಹಾಗೆ.

ಉಗುರಲ್ಲಿ ಕೆರೆದೆ. ತಿರುಗಿಸಿದೆ, ಅರ್ಧ ಸುತ್ತು, ಬಲಕ್ಕೆ.
ಬೆಳಿಗ್ಗೆ ಮೂರು ಬಾಟಲಿ ಒಡೆದು
ಗಾಜಿನ ಸಿಪ್ಪೆ ಕಳಚಿ
ಬಿಯರು ಬಾಟಲಿಯಾಗಿಯೇ ನಿಂತಿತ್ತು.
ಎಡಕ್ಕೆ, ಹಂಗಾದರೆ.

ಬಲದ ಅರ್ಧವನ್ನು ಬಿಚ್ಚಿ, ಎಡಕ್ಕೆ ಕಾಲು ಸುತ್ತು.
ಲೋಟದ ನೀರಿಗೆ ಥರ್ಮಾಮೀಟರು ಅದ್ದಿ ಮುಚ್ಚಳ ಹಾಕಿದೆ.
ಇದರ ಕಷ್ಟ ಇಷ್ಟೇ: ಕೈಯ ಕೆಲಸ ಒಂದು ಚಿಟಿಕೆ,
ಉತ್ತರ ಮರುದಿನ.
ಮೈನಸ್ ಆರು. ಇನ್ನೊಂದು ಕಾಲು. ಮೈನಸ್ ಒಂದು.
ಇನ್ನೊಂದು ಕಾಲಿಗೆ ಹನ್ನೊಂದು. ಜಾಸ್ತಿ ಆಯ್ತು.
ಕಾಲಿನ ಕಾಲು ವಾಪಸ್ಸು.
ಹೊರಗೆ ಮೇ ತಿಂಗಳು, ನಲವತ್ನಾಲ್ಕು, ಬೂದಿಗಾಳಿ,
ಗೋಡೆ ಮುಟ್ಟಿದರೆ ರೊಟ್ಟಿ ಹಂಚು ಮುಟ್ಟಿದ ಹಾಗೆ.
ನಡುವೆ ಕರೆಂಟು ಹೋಯಿತು, ಎರಡು ತಾಸು,
ನಾಡಿಗೆಲ್ಲ ಕರೆಂಟು ಕೊಡುವ ಊರಿನಲ್ಲಿ!
ಲೆಕ್ಕವೆಲ್ಲ ಮೊದಲಿಂದ.

ಹದಿನೇಳನೆಯ ರಾತ್ರಿ ಅಂತ ಕಾಣುತ್ತದೆ.
ಮೋಟರು ಗುಂಯ್ ಅನ್ನುತ್ತಿತ್ತು. ನಾವಿಬ್ಬರೂ ಅದರ ಪಕ್ಕ ಚಾಪೆಯಲ್ಲಿ,
ಯಾಕೆಂದರೆ ಕೂಲರು ಇರುವುದು ಆ ಕೋಣೆಯಲ್ಲೇ.
ಕಿವಿಯಲ್ಲೇ ಎಣಿಸುತ್ತಿದ್ದೆ. ಟಿಕ್ಕು ಬೀಳಲಿ,
ಇಷ್ಟು ಸಾಕು ಅಂತ ಅದು ತಾನಾಗಿ ಅನ್ನಲಿ.
ಎಣಿಸುತ್ತಲೇ ತೂಕಡಿಸಿದೆ.
ಈರಮ್ಮ ಮೊಣಕೈಯಿಂದ ತಿವಿದಳು:
"ಬಿತ್ತು ನೋಡ್ರಿ."

ಲೋಟ ತೆಗೆದು ಟಾರ್ಚು ಹಿಡಿದೆ. ನಾಲ್ಕೂವರೆ.
ಆ ಅರ್ಧಕ್ಕಾಗಿ ಮತ್ತೆ ಸ್ಕ್ರೂಡ್ರೈವರು ಎತ್ತಿಕೊಂಡವನ
ಕೈ ಹಿಡಿದಳು. "ಸಾಕ್ರಿ."

ಬಿಯರು? ತಣ್ಣಗೂ ಕಷಾಯವೇ.
ಅಂಬಣ್ಣ ಎರಡು ಗುಟುಕು ಕುಡಿದು ಥರ್ಮಾಮೀಟರನ್ನು ಹೊಗಳಿದ.
ಬಾಟಲಿಗಳನ್ನು ಮೂಲೆಗೆ ಒತ್ತಿ ಈರಮ್ಮ
ಮಜ್ಜಿಗೆ ಗಡಿಗೆ ಇಳಿಸಿದಳು, ಮಲ್ಲಿಗೆಯ ಒಂದು ಪೊಟ್ಟಣ.
ಈಗಲೂ ನಡುರಾತ್ರಿ ಟಿಕ್ ಅಂದಾಗ
ಇಬ್ಬರಲ್ಲಿ ಒಬ್ಬರಿಗೆ ಎಚ್ಚರವಾಗುತ್ತದೆ.
ಇನ್ನೊಬ್ಬರನ್ನು ಎಬ್ಬಿಸುವುದಿಲ್ಲ.