ಹೋಲಿಕೆ ಕೊಟ್ಟ ದಿನ

ಏಳನೇ ಕ್ಲಾಸು, ಊಟ ಮುಗಿದ ಮೇಲಿನ ಪಿರಿಯಡ್ಡು.
ಕಿಟಕಿಯಾಚೆ ಮಂಡಕ್ಕಿ ಭಟ್ಟಿಗಳ ಹೊಗೆ
ದಾವಣಗೆರೆಯ ಬಿಸಿಲಿಗೆ ಬೂದಿ ಬಳಿಯುತ್ತಿತ್ತು.
ಕಿರುಪರೀಕ್ಷೆಯ ಹಾಳೆ ಹಂಚಿದ್ದೆ. ಅರ್ಧಕ್ಕರ್ಧ ಸೊನ್ನೆ.
ಬೈಯುವುದು ಬೇಡ, ಒಂದು ಮಾತು ಹೇಳೋಣವೆಂದು,
ಬಿ.ಎಡ್. ಕಾಲದಿಂದ ಜೇಬಿನಲ್ಲಿಟ್ಟು
ನುಣ್ಣಗೆ ಸವೆಸಿದ್ದ ಮಾತು,
ಮೇಜಿಗೆ ಒರಗಿ ಶುರುಮಾಡಿದೆ:

"ನೋಡ್ರಪ್ಪಾ, ಒಂದೇ ಒಲೆ, ಒಂದೇ ಮರಳು, ಒಂದೇ ಕಾವು.
ಕೆಲವು ಕಾಳು ಅರಳ್ತಾವೆ, ಮಲ್ಲಿಗೆ ಆಗ್ತಾವೆ.
ಕೆಲವು ಹಂಗೇ ಉಳೀತಾವೆ.
ಎಲ್ಲಾ ಅವುಗಳ ಹುಟ್ಟುಗುಣ."

ತರಗತಿ ತಲೆದೂಗಿತು.
ತಲೆದೂಗುವುದನ್ನು ಒಂದನೇ ಕ್ಲಾಸಿನಿಂದ
ನಾವೇ ತಾನೆ ಕಲಿಸಿರುವುದು.

ಮೂರನೇ ಸಾಲಿನಲ್ಲಿ ಮುಬೀನಾ ಎದ್ದಳು.
ಮುಂಗೈ ಮೇಲೆ ಸುಟ್ಟ ಕಲೆ, ಜಡೆಯಲ್ಲಿ ತವುಡಿನ ಧೂಳು.

"ಹಂಗಲ್ಲ ಸಾರ್.
ಅರಳದಿದ್ರೆ ಅಮ್ಮಿ ಮೊದಲು ಕಾಳು ನೋಡಲ್ಲ,
ಮರಳು ನೋಡ್ತಾಳೆ, ಕಾವು ಸಾಲದೇನೋ ಅಂತ.
ಆಮೇಲೆ ಉಪ್ಪುನೀರು.
ಆಮೇಲೆ, ನಿನ್ನೆ ಮೋಡ ಇತ್ತಾ, ಸರಿಯಾಗಿ ಒಣಗಿತ್ತಾ, ಕೇಳ್ತಾಳೆ.
ಎಲ್ಲಾ ಸರಿ ಇದ್ರೆ ಕಡೆಗೆ ಕಾಳು.
ಅದೂ ಅನ್ನದ ಅಕ್ಕಿ ಆಗಿದ್ರೆ
ಭಟ್ಟಿಗೆ ತಂದವ್ರದ್ದು ತಪ್ಪು."

ಕೂರುವ ಮೊದಲು ಇನ್ನೊಂದು, ಮೆಲ್ಲಗೆ:
"ಮತ್ತೆ ಸಾರ್, ನಾವು ಅಕ್ಕಿ ಅಲ್ಲ."

ಯಾರೋ ಕಿಸಕ್ಕೆಂದರು.
ನಾನು ಹಲಗೆಗೆ ತಿರುಗಿ
ಏನೂ ಬರೆದಿರದ ಜಾಗವನ್ನು ಒರೆಸಿದೆ.

ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ.
ಯೋಚನೆಯೂ ಇರುವುದಿಲ್ಲ, ಎಷ್ಟೋ ಸಲ.
ಇಪ್ಪತ್ತೆರಡು ವರ್ಷ, ಐದು ಶಾಲೆ,
ಅದೇ ಮಂಡಕ್ಕಿ ಹುರಿದಿದ್ದೆ;
ಚೆಂದವಾಗಿತ್ತು ಎಂಬ ಒಂದೇ ಕಾರಣಕ್ಕೆ
ತಕ್ಕಡಿಗೆ ಹಾಕಿರಲಿಲ್ಲ.

ಹಂಚಿದ ಹಾಳೆ ವಾಪಸು ಇಸಕೊಂಡೆ.
ರಾತ್ರಿ, ಹೆಂಡತಿ ಮಲಗಿದ ಮೇಲೆ, ಕೆಂಪು ಪೆನ್ನು ಮುಚ್ಚಿಟ್ಟು
ಒಂದೊಂದೇ ಓದಿದೆ.
ಹದಿನೇಳು ಆರಲೆ ಎಷ್ಟು?

ಹಾಲಸ್ವಾಮಿಯದು ತೊಂಬತ್ತಾರು, ಅದರ ಮೈಮೇಲೆ ನನ್ನ ಸೊನ್ನೆ.
ಅಂಚಿನಲ್ಲಿ ಪೆನ್ಸಿಲಿನ ಇರುವೆಯಕ್ಷರ: ಹದಿನಾರು ಆರಲೆ…
ಅವನಿಗೆ ಹದಿನಾರರ ಮಗ್ಗಿ ಬರುತ್ತದೆ, ಹದಿನೇಳರದ್ದು ಬರದು.
ಬಂದಲ್ಲಿಂದ ಹೊರಟಿದ್ದಾನೆ,
ಕೊನೆಯ ಆರು ಕೂಡಿಸುವುದು ಮರೆತಿದ್ದಾನೆ.
ಮನೆಯ ಹೊಸ್ತಿಲವರೆಗೆ ಬಂದವನನ್ನು
ದಾರಿ ತಪ್ಪಿದವನೆಂದು ಬರೆದಿದ್ದೆ.

ಚೌಡಮ್ಮ ಇಪ್ಪತ್ತು ಆರಲೆ ಮಾಡಿ ಹದಿನೆಂಟು ಕಳೆದಿದ್ದಳು,
ಗಲ್ಲಾದಲ್ಲಿ ಕೂತು ಚಿಲ್ಲರೆ ಕೊಟ್ಟ ಹಾಗೆ.
ಕರಿಬಸವನದು ನೂರಾ ಎರಡು, ಹಿಂದೆ ಮುಂದೆ ಏನೂ ಇಲ್ಲ.
ಪೂರ್ತಿ ಅಂಕ ಕೊಟ್ಟಿದ್ದೆ.
ಅವನು ಕೂರುವುದು ಚೌಡಮ್ಮನ ಹಿಂದೆ
ಎಂಬುದು ಈಗ ನೆನಪಾಯಿತು.

ಮುಬೀನಾಳ ಹಾಳೆಯಲ್ಲಿ ಉತ್ತರವಿಲ್ಲ.
ಅಲ್ಲಿ ಒಂದು ಪ್ರಶ್ನೆ:
"ಹದಿನೇಳು ಏನು ಸಾರ್? ಸೇರಾ, ಚೀಲನಾ?"
ಅದಕ್ಕೂ ಸೊನ್ನೆ.
ತಿದ್ದುವಾಗ ಓದಿಯೇ ಇರಲಿಲ್ಲ.

ಮಾರನೇ ದಿನ ಇಲಾಖೆಯ ನಮೂನೆ ಬಂತು.
ಚುರುಕು, ಸಾಧಾರಣ, ನಿಧಾನ.
ಮೂರು ಕಲಮು, ಮೂವತ್ತೆಂಟು ಹೆಸರು,
ಶನಿವಾರದೊಳಗೆ.
ಯಾವುದರಲ್ಲಿ ನಿಧಾನ, ಎಂದು ಬರೆಯಲು ಜಾಗವಿರಲಿಲ್ಲ.
ಅಂಚಿನಲ್ಲಿ ಬರೆಯತೊಡಗಿದೆ, ಹಾಲಸ್ವಾಮಿಯ ಹಾಗೆ, ಸಣ್ಣಗೆ.
ಅಂಚು ಸಾಲಲಿಲ್ಲ.
ಮುಖ್ಯೋಪಾಧ್ಯಾಯರು ಕನ್ನಡಕದ ಮೇಲಿಂದ ನೋಡಿ
"ಇದನ್ನೆಲ್ಲಾ ಯಾರ್ರೀ ಓದ್ತಾರೆ" ಅಂದರು.
ಅದು ನಿಜವೇ. ನಾನೂ ಓದಿದವನಲ್ಲ.

ಸಂಜೆ ಬಸ್ಸಿಗೆ ಕಾಯುತ್ತ
ಗಾಡಿಯವನ ಹತ್ತಿರ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡೆ.
ಹಲ್ಲಿಗೆ ಅರಳದ ಕಾಳೊಂದು ಸಿಕ್ಕಿತು.
ನಾಲಿಗೆಯ ತುದಿಗೆ ಒಂದು ಮಾತೂ ಬಂತು.
ಎರಡನ್ನೂ ಸ್ವಲ್ಪ ಹೊತ್ತು
ಬಾಯಲ್ಲೇ ಇಟ್ಟುಕೊಂಡು ನಿಂತೆ.

ಉಪ್ಪುನೀರು ಹೆಚ್ಚಾಗಿತ್ತೇನೋ.
ನಾಳೆ ಮುಬೀನಾಳನ್ನು ಕೇಳಬೇಕು.