ಹದಿನೆಂಟು ಮಿಲಿಮೀಟರ್

ನಾನಾ ಪೇಠೆಯ ಗಲ್ಲಿಯಲ್ಲಿ ಹುಸೇನಸಾಬ ಬಾಗವಾನ
ಎರಡು ಸ್ಪ್ರಿಂಗು ಪಕ್ಕಪಕ್ಕ ಮಲಗಿಸಿದ, ಹಳೆಯ ಪೇಪರಿನ ಮೇಲೆ.
ಒಂದು ಹೊಸದು, ಗ್ರೀಸಿನ ವಾಸನೆ ಇನ್ನೂ ಬಿಡದ್ದು.
ಇನ್ನೊಂದು ಮೂವತ್ತೊಂಬತ್ತು ವರ್ಷ
ಫೋರ್ಕಿನ ಕತ್ತಲಲ್ಲಿ, ಕಪ್ಪು ಎಣ್ಣೆಯಲ್ಲಿ
ಬಸ್ಕಿ ಹೊಡೆದು ಬಂದದ್ದು.
"ನೋಡ್ರಿ ಸಿಸ್ಟರ್, ಎಷ್ಟ್ ಕುಗ್ಗೇತಿ."
ಸ್ಕೇಲು ಹಿಡಿದೆ. ಹದಿನೆಂಟು ಮಿಲಿಮೀಟರ್.
ಹೆಬ್ಬೆರಳಿನ ಅಗಲ.

ಇಷ್ಟಕ್ಕೇನಾ
ಲಕ್ಷ್ಮೀ ರಸ್ತೆಯ ಒಂದೊಂದು ಗುಂಡಿಗೂ ಠಕ್ಕೆಂದು
ಹ್ಯಾಂಡಲ್ಲು ನನ್ನ ಮೊಣಕೈವರೆಗೆ ಬಂದು ದೂರು ಹೇಳುತ್ತಿದ್ದದ್ದು?

ಮೊದಲು ಇದರ ಮೇಲೆ ಐಸು ಸಾಗಿಸುತ್ತಿದ್ದರಂತೆ,
ದತ್ತೋಬಾ ಕುದಳೆ ಅನ್ನುವವರು, ನಸುಕಿಗೆ, ಮೀನು ಮಾರ್ಕೆಟ್ಟಿಗೆ,
ಗೋಣಿ ಸುತ್ತಿದ ದಿಮ್ಮಿ, ದಾರಿಯುದ್ದ ನೀರಿನ ಗೆರೆ.
"ಭಾರ ಹಿಂದಿತ್ತಲ್ಲ, ಮುಂದಿನದು ಯಾಕೆ ಕುಗ್ಗಬೇಕು?"
ಅಕ್ಕಲಕೋಟೆಯ ಕನ್ನಡದಲ್ಲಿ ನಕ್ಕ:
"ಓಡುವಾಗ ಹಿಂದ ಇರ್ತೈತ್ರಿ.
ಬ್ರೇಕ್ ಹೊಡದಾಗ ಎಲ್ಲಾ ಮುಂದ ಬರ್ತೈತಿ."

ಆ ಮಾತನ್ನು ಅಲ್ಲೇ ಬಿಟ್ಟೆ.
ನೈಟ್ ಡ್ಯೂಟಿ ಮುಗಿಸಿ ಬಂದವಳು,
ಯೋಚಿಸುವ ಹೊತ್ತಲ್ಲ ಅದು.

ಎಣ್ಣೆ ಅಳೆಯಲು ನನ್ನ ಚೀಲದ ಸಿರಿಂಜು,
ಐವತ್ತರದ್ದು, ಸೂಜಿಯಿಲ್ಲದ್ದು.
ಒಂದೊಂದು ಕಾಲಿಗೆ ಮೂರು ಸಲ.
ಮೈಸೂರಲ್ಲಿ ಹುಟ್ಟಿದ ಯೆಜ್ಡಿ, ಮುಂಗಾಲೆತ್ತಿ ನಿಂತದ್ದು
ಮಿಸುಕಲಿಲ್ಲ.
ವಾರ್ಡಿನಲ್ಲಿ ಇಷ್ಟು ಸಭ್ಯರು ಸಿಗುವುದಿಲ್ಲ.

ಹೊಸ ಸ್ಪ್ರಿಂಗು ಕೊಳವೆಯ ಬಾಯಿಂದ ತಲೆ ಹೊರಗಿಟ್ಟಿತ್ತು.
ನೆತ್ತಿಯ ಮೇಲೆ ನಟ್ಟಿಟ್ಟು, ಮೈಭಾರ ಬಿಟ್ಟು ಒತ್ತಿದ.
ತಿರುಪು ಕಚ್ಚಲಿಲ್ಲ.
ಟಣ್!
ನಟ್ಟು ಹಾರಿ ಎದುರಿನ ಬಳೆಯಂಗಡಿ ಹೊಕ್ಕಿತು.
ಹಸಿರು ಗಾಜು, ಹನ್ನೊಂದು ಬಳೆ.
ಅಂಗಡಿಯ ಕಾಕು ಮರಾಠಿಯಲ್ಲಿ ಅಂದದ್ದನ್ನು ಬರೆಯಲಾರೆ,
ಬಳೆಯ ದುಡ್ಡು ಬಿಲ್ಲಿನಲ್ಲಿದೆ.

ಎರಡನೆಯ ಸಲ ಅವನ ಅಂಗೈ ಮೇಲೆ ನನ್ನ ಅಂಗೈ.
ನಿಂತುಹೋದ ಎದೆಗಳನ್ನು ಒತ್ತಿ ಒತ್ತಿ ಪಳಗಿದ ಕೈ ಇದು,
ಮೊನ್ನೆ ಬೆಡ್ ಹದಿನಾಲ್ಕರಲ್ಲೂ, ಇಪ್ಪತ್ತು ನಿಮಿಷ.
ಅದು ತಿರುಗಿ ಒತ್ತಲಿಲ್ಲ.
ಇದು ಒತ್ತಿತು,
ಭುಜ ನಡುಗುವಷ್ಟು, ಹಲ್ಲು ಕಚ್ಚುವಷ್ಟು.
"ಹಿಡೀತು, ಹಿಡೀತು, ಬಿಡಬ್ಯಾಡ್ರಿ!"

ಈಗ ಕೂತರೆ ಹಿಮ್ಮಡಿ ನೆಲ ಮುಟ್ಟುವುದಿಲ್ಲ.
ರಾತ್ರಿ ಡ್ಯೂಟಿಗೆ ಹೊರಟಾಗ
ಗುಂಡಿ ಬಂತು, ಹೋಯಿತು, ಕೈಗೆ ಸುದ್ದಿ ಬರಲಿಲ್ಲ.
ಆದರೆ ಮೂತಿ ಎತ್ತಿದ ಗಾಡಿಯ ದೀಪ ರಸ್ತೆ ಬಿಟ್ಟು
ಮೊದಲ ಮಹಡಿಗಳಲ್ಲಿ ಅಲೆಯುತ್ತಿದೆ:
ತಂತಿಯ ಮೇಲಿನ ಒಂಬತ್ತು ಗಜದ ಸೀರೆ, ಡಬ್ಬಿಯಲ್ಲಿ ತುಳಸಿ,
ಬೀಡಿ ಬೆನ್ನ ಹಿಂದೆ ಮುಚ್ಚಿಕೊಂಡ ಒಬ್ಬ ಮುದುಕ.
ನಾಳೆ ಸ್ಕ್ರೂ ಸಡಿಲಿಸಿ ಬಗ್ಗಿಸಬೇಕು.
ಇವತ್ತು ಇರಲಿ.

ಸಿಗ್ನಲ್ಲು ಕೆಂಪಾಯಿತು. ಬ್ರೇಕು ಹಿಡಿದೆ.
ಕ್ಯಾರಿಯರಿನ ಚೀಲದಲ್ಲಿದ್ದ ಹಳೆಯವೆರಡೂ
ಮುಂದಕ್ಕೆ ಜಾರಿ ಬಂದು
ನನ್ನ ಬೆನ್ನಿಗೆ ಒರಗಿದವು.