ಮೂರನೇ ಮೊಳೆ

ನಮ್ಮ ಖಾನಾವಳಿಯಲ್ಲಿ ಸೌಟು ಎರಡು.
ಒಂದು ಬಾಗಿಲ ಕಡೆಯ ಮೊಳೆಗೆ, ಒಂದು ಹಿತ್ತಲ ಗೋಡೆಗೆ.
ಕಣ್ಣು ಮಂಜಾದ ಮೇಲೂ ಅತ್ತೆ ಅಂಬಮ್ಮ
ಹಿಡಿಕೆ ಮುಟ್ಟಿ ಹೇಳುತ್ತಾಳೆ:
ಇದು ಬ್ಯಾಳಿದು, ಇದು ಕೋಳಿದು.
ಸಿಂಧನೂರ ಗಂಜಿಗೆ ಭತ್ತ ತಂದವರು
ಕೈ ತೊಳೆಯುವ ಮುಂಚೆ ಕೇಳುವುದೂ ಅದನ್ನೇ:
ಸೌಟು ಬ್ಯಾರೆ ಬ್ಯಾರೆ ಅದಾವಲ್ಲವ್ವಾ?

ಒಂದು ಬೆಳಿಗ್ಗೆ ಶೇಫಾಲಿ ಬಂದಳು ಕ್ಯಾಂಪಿನಿಂದ,
ಸೈಕಲ್ಲಿನ ಹಿಂದೆ ಬುಟ್ಟಿ,
ಬುಟ್ಟಿಯ ಮೇಲೆ ಒದ್ದೆ ಅರಿವೆ.
ಸರಿಸಿದರೆ ಬೂದು ಬಣ್ಣದ ಮೊಟ್ಟೆಗಳು.
ಒಂದನ್ನು ಸೀಳಿದೆ:
ಮರಿಯಿಲ್ಲ, ಮಡಚಿಟ್ಟ ಕೊಡೆ.
"ಭತ್ತದ ಹುಲ್ಲಿನವು. ಸಂಜಿಗೆ ಬಿಚ್ಚತಾವ,
ಬಿಚ್ಚಿದ್ರ ರುಚಿ ಹೋತು.
ಫ್ರಿಜ್ಜಿನಾಗ ಇಟ್ರ ನೀರಾಗತಾವ.
ಮಧ್ಯಾಹ್ನದೊಳಗ ಒಲಿಗೆ ಹಾಕು."

ನಮ್ಮವರು ಕಡ್ಡಿ ಗೀರಿ ಸುಡುವ ಹುಲ್ಲು ಅದು,
ಡಿಸೆಂಬರಿನಲ್ಲಿ ಕಾಲುವೆ ದಾಟಿ ಬಂದು
ಒಣಹಾಕಿದ ನನ್ನ ಸೀರೆಗೆ ಹೊಗೆಯಾಗಿ ಅಂಟುವ ಹುಲ್ಲು.
ಅವಳು ಅದನ್ನು ನೀರಲ್ಲಿ ನೆನೆಸಿ, ಕಡಲೆಹಿಟ್ಟು ಉದುರಿಸಿ,
ಕೂಸಿಗೆ ಹಾಸಿದ ಹಾಗೆ ಹಾಸುತ್ತಾಳಂತೆ.

"ನಾಯಿಕೊಡಿ!" ಅತ್ತೆ ಮೂಗು ಮುರಿದಳು.
"ಬೆಳ್ಳಿ ಕಾಲುಂಗುರ ಹಾಕಿ ಕುದಿಸು,
ಕರ್ರಗಾದ್ರ ವಿಷ."
"ಬೆಳ್ಳಿಗೇನು ಗೊತ್ತದ, ಅಜ್ಜಿ?
ತಿಪ್ಪಿ ಮ್ಯಾಲಿಂದು ನಾನೂ ಮುಟ್ಟಂಗಿಲ್ಲ.
ಇದರ ಬೀಜ ಹಾಕಿದ್ದು ನಾ. ಅಷ್ಟು ಗೊತ್ತದ."

ಮೊದಲ ದಿನ ಉಳ್ಳಾಗಡ್ಡಿ, ಬಳ್ಳೊಳ್ಳಿ, ಕೆಂಪು ಖಾರ,
ಮೇಲೆ ಹಿಡಿ ಗುರೆಳ್ಳು ಪುಡಿ.
ತಿಂದವರಿಗೆ ನಾನು ಸಿಕ್ಕೆ,
ಅಣಬೆ ಸಿಗಲಿಲ್ಲ.
ಶೇಫಾಲಿ ಒರಳ ಮುಂದೆ ಕುಂತು
ಸಾಸಿವೆ, ಹಸಿಮೆಣಸು ಅರೆದಳು. ಅಷ್ಟೇ.
ಮೂಗಿನಿಂದ ನೆತ್ತಿಗೇರಿತು, ಹಿಂದೆಯೇ
ಮಳೆ ನಿಂತ ಗದ್ದೆಯ ವಾಸನೆ.

ಅಲ್ಲಿಂದ ನನಗೆ ಹುಚ್ಚು.
ಹೈದರಾಬಾದ್ ಬಸ್ಸಿನ ಗುಂಡಿ ಅಣಬೆ,
ಪ್ಲಾಸ್ಟಿಕ್ ಹೊದ್ದು ಬರುವ ಪೇಟೆಯ ಬಿಳಿ,
ಕಾದ ಹಂಚಿಗೆ ಬಿದ್ದರೆ ಕಿಂಯ್ ಎನ್ನುತ್ತದೆ.
ಚಿಪ್ಪಣಬೆಗೆ ಈಳಿಗೆ ತಾಗಿಸಬಾರದು,
ಹಳೆ ಧೋತರ ಹರಿದಂತೆ ಉದ್ದಕ್ಕೆ ಹರಿಯಬೇಕು.
ಹಾಲಣಬೆ ಮಾತ್ರ ನಮ್ಮ ಬಿಸಿಲಿನ ಮಗಳು:
ಫ್ಯಾನಿಗೂ ಬೆವರು ಬರುವ ಏಪ್ರಿಲ್ಲಿನಲ್ಲಿ
ದಪ್ಪ ಕಾಲೂರಿ ನಿಲ್ಲುತ್ತದೆ.
ಆ ಕಾಲು ಬೇಯುವುದಿಲ್ಲ ಬೇಗ. ಉಪ್ಪಿನಕಾಯಿಗೆ ಹಾಕಿದೆ,
ಪುಂಡಿಕಾಯಿಯ ಹುಳಿ ಹಿಡಿಸಿ.

ಸಂಡೂರಿನ ಅದಿರು ಲಾರಿಯ ಹುಸೇನಪ್ಪ
ಮೊದಲ ಗುಡುಗಿನ ಮಾರನೇ ದಿನ
ಪೇಪರಿನಲ್ಲಿ ಸುತ್ತಿ ತಂದ ಹುತ್ತದ ಅಣಬೆ.
ಗೇಣುದ್ದ ಬೇರು. ಮೂರು ನೀರು ತೊಳೆದರೂ
ನೀರು ಕೆಂಪೇ, ಗುಡ್ಡ ಬಿಡಲೊಲ್ಲದು.
"ಗುರುತು ಹಿಡಿದವ ನೀನು, ಮೊದಲ ತುತ್ತೂ ನಿಂದೇ," ಅಂದೆ.
ತಿಂದ. ತಟ್ಟೆ ಒರೆಸಿ ತಿಂದ.
ಉಳಿದದ್ದನ್ನು ನಾವು ಮರುದಿನ ತಿಂದೆವು,
ಅವನು ಫೋನು ಎತ್ತಿದ ಮೇಲೆ.

ಎಲ್ಲ ಸರಿ. ಆದರೆ ಯಾವ ಸೌಟು?
ರೊಟ್ಟಿ ಮುರಿದು ಕೈಯಲ್ಲಿ ಹಿಡಿದೇ ಕೇಳಿದರು
ಇಷ್ಟಲಿಂಗದ ಕರಡಿಗೆ ಕಟ್ಟಿದ ಹಿರಿಯರು.
ಎಲೆಯಿಲ್ಲ, ಹೂವಿಲ್ಲ, ಕಾಯಿಪಲ್ಯೆ ಅನ್ನಲಾರೆ.
ರಕ್ತವಿಲ್ಲ, ಎಲುಬಿಲ್ಲ.
ಜಗಿದರೆ ಮಾತ್ರ
ಹಲ್ಲಿಗೆ ಏನೋ ನೆನಪಾಗುತ್ತದೆ.
ಅವರು ಹಿಂಡಿಪಲ್ಯೆಯಲ್ಲೇ ಊಟ ಮುಗಿಸಿ ಎದ್ದರು.

ಶೇಫಾಲಿಯನ್ನು ಕೇಳಿದೆ: ನಿಮ್ಮ ಮನಿಯಾಗ ಹ್ಯಾಂಗ?
ಚೀಲಕ್ಕೆ ರೊಕ್ಕ ಇಳಿಸುತ್ತ ಅಂದಳು,
"ನಮ್ಮಲ್ಲಿ ಸೌಟೇ ಒಂದು.
ಗಡಿ ದಾಟುವಾಗ ನಮ್ಮತ್ತಿ ಕೈಗೆ ಸಿಕ್ಕಿದ್ದು ಒಂದೇ."

ಬಜಾರಿನಿಂದ ಕಟ್ಟಿಗೆಯದೊಂದು ತಂದೆ,
ನಡುಗೋಡೆಗೆ ಮೊಳೆ ಹೊಡೆದೆ.
ಅತ್ತೆ ತಡವುತ್ತ ಬಂದಳು, ಹಿಡಿಕೆಗೆ ಬೆರಳಾಡಿಸಿದಳು,
"ಇದು ಯಾವುದು?"
ನಾನು ಉತ್ತರ ಹುಡುಕುವುದರೊಳಗೆ
ಅದನ್ನೇ ಗಡಿಗೆಗೆ ಇಳಿಸಿ, ಅಂಗೈಗೆ ಸುರಿದು ನೆಕ್ಕಿದಳು.
"ಉಪ್ಪು ಕಡಿಮಿ."

ಹನ್ನೆರಡೂವರೆ.
ಬುಟ್ಟಿಯಲ್ಲಿ ಆಗಲೇ ಒಂದು
ಕೊಡೆ ಬಿಚ್ಚುತ್ತಿದೆ.